ಯೂವಿ ಲೈಟ್ ಉರಿಯುತ್ತಿದೆ, ಆದರೂ ಮೀನು ಸಾಯುತ್ತಿವೆ: ದೊಡ್ಡ ಟ್ಯಾಂಕಿನಲ್ಲಿ ದೋಷ ಹುಡುಕುವುದು ಹೇಗೆ

ಹೋದ ವರ್ಷ ಏಪ್ರಿಲ್ ತಿಂಗಳು. ಗಂಗಾವತಿಯ ಒಂದು ಲಾಡ್ಜಿನಿಂದ ಬೆಳಿಗ್ಗೆ ಏಳಕ್ಕೇ ಫೋನ್ ಬಂತು. "ಅಣ್ಣಾರ, ಯೂವಿ ಲೈಟ್ ಛಲೋ ಉರಿಯಾಕತ್ತೈತ್ರಿ. ಆದ್ರ ನೀರು ಪೂರಾ ಹಸರಾಗೈತಿ. ಎರಡು ದಿನದಾಗ ಎರಡು ಆಸ್ಕರ್ ಮೀನು ಹೋದ್ವು. ಬರೋವಾಗ ಒಂದು ಹೊಸ ಲೈಟ್ ತಗೊಂಡೇ ಬರ್ರಿ."

ಲೈಟ್ ತೆಗೆದುಕೊಂಡೇ ಹೋದೆ. ಅದು ಚೀಲದಿಂದ ಹೊರಗೆ ಬರಲಿಲ್ಲ. ಆ ಟ್ಯಾಂಕಿನಲ್ಲಿ ನಾಲ್ಕು ದೋಷ ಇದ್ದವು. ನಾಲ್ಕರಲ್ಲಿ ಒಂದೂ ಲೈಟಿನದ್ದಲ್ಲ.

ನಾನು ಬಳ್ಳಾರಿಯಲ್ಲಿದ್ದುಕೊಂಡು ಸುತ್ತಲಿನ ಊರುಗಳ ದೊಡ್ಡ ಅಕ್ವೇರಿಯಂಗಳನ್ನು ನೋಡಿಕೊಳ್ಳುತ್ತೇನೆ. ಕೊಪ್ಪಳ, ಸಿಂಧನೂರು, ರಾಯಚೂರಿನವರೆಗೂ ಓಡಾಟ ಇದೆ. ಎಲ್ಲಾ 500 ಲೀಟರ್ ಮೇಲ್ಪಟ್ಟ ಟ್ಯಾಂಕುಗಳು. ಲಾಡ್ಜು, ಆಸ್ಪತ್ರೆ, ಬಟ್ಟೆ ಅಂಗಡಿ, ಕೆಲವು ಮನೆಗಳು. ಯೂವಿ, ಅಂದರೆ ನೀರಿನ ಪಾಚಿ, ರೋಗಾಣು ಕೊಲ್ಲುವ ನೇರಳಾತೀತ ಕಿರಣದ ಲೈಟ್, ಕೆಲಸ ಮಾಡುತ್ತಿಲ್ಲ ಅಂತ ಕರೆದ ಕಡೆ ನಾನು ಯಾವುದನ್ನು ಮೊದಲು ನೋಡುತ್ತೇನೆ, ಯಾವುದನ್ನು ಆಮೇಲೆ ನೋಡುತ್ತೇನೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಗಂಗಾವತಿಯ ಟ್ಯಾಂಕನ್ನು ಜೊತೆಯಲ್ಲೇ ಇಟ್ಟುಕೊಂಡು ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆಯ ತೊಂದರೆಗಳೆಲ್ಲ ಅದೊಂದರಲ್ಲೇ ಸಿಕ್ಕವು.

ಈ ಯಂತ್ರದ ಕೆಲಸ ಎಷ್ಟು

ಯೂವಿ ಸ್ಟೆರಿಲೈಜರ್ ಅಂದರೆ ಒಂದು ಉದ್ದ ಕೊಳವೆ. ಅದರೊಳಗೆ ಲ್ಯಾಂಪ್ ಇರುತ್ತದೆ. ಲ್ಯಾಂಪಿಗೆ ನೀರು ತಾಗದಂತೆ ಸುತ್ತ ಒಂದು ಕ್ವಾರ್ಟ್ಜ್ ಗಾಜಿನ ಕೊಳವೆ. ಅದರ ಹೊರಗೆ, ಪ್ಲಾಸ್ಟಿಕ್ ಅಥವಾ ಸ್ಟೀಲ್ ಬಾಡಿಯ ಒಳಗೆ, ನೀರು ಹರಿಯುತ್ತದೆ. ಲ್ಯಾಂಪಿನಿಂದ ಬರುವ ಕಿರಣದ ತರಂಗಾಂತರ ಸುಮಾರು 254 ನ್ಯಾನೊಮೀಟರ್. ಇದು ಸೂಕ್ಷ್ಮಜೀವಿಗಳ ಡಿಎನ್‌ಎಯನ್ನು ಕೆಡಿಸುತ್ತದೆ. ಪಾಚಿಯ ಕಣ, ಬ್ಯಾಕ್ಟೀರಿಯಾ, ರೋಗದ ಮರಿಗಳು ಆಮೇಲೆ ಮರಿ ಹಾಕಲಾರವು. ಅಲ್ಲಿಗೆ ಅವುಗಳ ಕಥೆ ಮುಗಿಯಿತು.

ಆದರೆ ಕೊಳವೆಯೊಳಗೆ ಹಾದುಹೋದವುಗಳಿಗೆ ಮಾತ್ರ ಈ ಪೆಟ್ಟು. ಮೀನಿನ ಮೈಮೇಲೆ ಕೂತ ರೋಗಕ್ಕೆ ಯೂವಿ ಏನೂ ಮಾಡುವುದಿಲ್ಲ. ಗಾಜಿಗೆ, ಕಲ್ಲಿಗೆ ಅಂಟಿದ ಪಾಚಿಗೂ ಅಷ್ಟೇ. ಮೀನಿನ ಹೊಲಸಿನಿಂದ ನೀರಿಗೆ ಸೇರುವ ವಿಷ ಅಮೋನಿಯಾ ಒಂದು ಹನಿಯೂ ಕಡಿಮೆ ಆಗುವುದಿಲ್ಲ. ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ ಅಂತ ಕೆಲವರು ಹೆದರುತ್ತಾರೆ. ಅವು ಸ್ಪಂಜಿಗೆ, ಸಿರಾಮಿಕ್ ಕಲ್ಲಿಗೆ ಅಂಟಿಕೊಂಡೇ ಇರುತ್ತವೆ. ಅವಕ್ಕೆ ತೊಂದರೆ ಇಲ್ಲ.

ಬಳ್ಳಾರಿಯಲ್ಲಿ ನನ್ನನ್ನು ಜಾಸ್ತಿ ಜನ ಕೇಳುವ ಪ್ರಶ್ನೆ ಇದು: "ನಮ್ಮ ಬಿಸಿಲಲ್ಲೇ ಯೂವಿ ಇದೆಯಲ್ಲ, ಟ್ಯಾಂಕನ್ನು ಕಿಟಕಿ ಹತ್ತಿರ ಇಟ್ಟರೆ ಸಾಕಲ್ವಾ?" ಸಾಲದು. ಸೂರ್ಯನಿಂದ ಹೊರಡುವ ಈ ಜಾತಿಯ ಕಿರಣವನ್ನು ಮೇಲಿನ ಓಝೋನ್ ಪದರವೇ ತಡೆದುಬಿಡುತ್ತದೆ. ನೆಲಕ್ಕೆ ಬರುವ ಬಿಸಿಲು ಪಾಚಿಯನ್ನು ಕೊಲ್ಲುವುದಿಲ್ಲ, ಬೆಳೆಸುತ್ತದೆ. ದಯವಿಟ್ಟು ಟ್ಯಾಂಕನ್ನು ಕಿಟಕಿಯಿಂದ ದೂರ ಇಡಿ.

ಮೊದಲು ಮೀನು, ಆಮೇಲೆ ಯಂತ್ರ

ಯೂವಿಯ ಸ್ಕ್ರೂ ಬಿಚ್ಚುವ ಮೊದಲು ಹತ್ತು ನಿಮಿಷ ಮೀನನ್ನು ನೋಡಿ. ಮನೆಯವರನ್ನು ಒಂದೇ ಪ್ರಶ್ನೆ ಕೇಳಿ: ಮೀನು ಸತ್ತದ್ದು ಯಾವ ಹೊತ್ತಿನಲ್ಲಿ?

ಗಂಗಾವತಿಯಲ್ಲಿ ಇದಕ್ಕೆ ಉತ್ತರ ಕೊಟ್ಟವನು ರಾತ್ರಿ ಕಾವಲಿನ ಅಜ್ಜ. "ನಸುಕಿನ್ಯಾಗ ಎಲ್ಲಾ ಮ್ಯಾಲ ಬಂದು ಬಾಯಿ ಬಾಯಿ ಬಿಡ್ತಾವ್ರಿ. ಹೊತ್ತು ಹೊಂಟ ಮ್ಯಾಲ ತಾವ ಸುಮ್ಮನಾಗ್ತಾವ." ಅರ್ಧ ಕೆಲಸ ಆ ಮಾತಿನಲ್ಲೇ ಮುಗಿಯಿತು. ಆ ಆಸ್ಕರ್‌ಗಳು ರೋಗದಿಂದ ಸತ್ತಿರಲಿಲ್ಲ. ಉಸಿರು ಕಟ್ಟಿ ಸತ್ತಿದ್ದವು.

ನೀರು ಹಸಿರಾಗಿದೆ ಅಂದರೆ ಅದರಲ್ಲಿ ಲೆಕ್ಕವಿಲ್ಲದಷ್ಟು ಪಾಚಿ ಕಣ ತೇಲುತ್ತಿವೆ ಅಂತ ಅರ್ಥ. ಹಗಲು ಅವು ಆಮ್ಲಜನಕ ಕೊಡುತ್ತವೆ. ರಾತ್ರಿ ಅವೇ ಅದನ್ನು ಎಳೆದುಕೊಳ್ಳುತ್ತವೆ. ನಸುಕಿನ ಹೊತ್ತಿಗೆ ಟ್ಯಾಂಕು ಖಾಲಿ. ಮೇಲಿಂದ ನಮ್ಮ ಸೆಕೆ ಬೇರೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯಬಲ್ಲದು. 32 ಡಿಗ್ರಿಗೆ ಹೋದರೆ 7.3ರ ಹತ್ತಿರಕ್ಕೆ ಇಳಿಯುತ್ತದೆ. ಆ ದಿನ ಟ್ಯಾಂಕಿನ ಥರ್ಮಾಮೀಟರ್ 32 ತೋರಿಸುತ್ತಿತ್ತು. ರಾತ್ರಿ ರಿಸೆಪ್ಷನ್‌ನ ಏಸಿ ಆಫ್ ಮಾಡುತ್ತಿದ್ದರು, ಏರ್ ಪಂಪಿನ ಸದ್ದು ಕಿರಿಕಿರಿ ಅಂತ ಅದನ್ನೂ ಆಫ್ ಮಾಡುತ್ತಿದ್ದರು. ಮೊದಲು ಏರ್ ಪಂಪ್ ಹಾಕಿಸಿದೆ. ಆಮೇಲೆ ಉಳಿದದ್ದು.

ನೀರು ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಅದು ಬ್ಯಾಕ್ಟೀರಿಯಾ. ಊಟ ಜಾಸ್ತಿಯಾಗಿದೆ, ಇಲ್ಲವೇ ಫಿಲ್ಟರ್ ಕೆಟ್ಟಿದೆ. ಯೂವಿ ಆ ಬಿಳುಪನ್ನು ತೆಗೆಯಬಹುದು, ಅದರ ಕಾರಣವನ್ನು ತೆಗೆಯುವುದಿಲ್ಲ. ಮೀನಿನ ಕಿವಿರು ಕೆಂಪಾಗಿ, ತಳದಲ್ಲಿ ಸುಸ್ತಾಗಿ ಕೂತಿದ್ದರೆ ಅಮೋನಿಯಾ ಟೆಸ್ಟ್ ಮಾಡಿ. ನಮ್ಮ ಬೋರ್ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಸಾಮಾನ್ಯವಾಗಿ ಮೇಲೇ ಇರುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ಅದೇ ಅಮೋನಿಯಾದಲ್ಲಿ ವಿಷದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಇದಕ್ಕೆ ನೀರು ಬದಲಿಸುವುದೊಂದೇ ದಾರಿ. ಯೂವಿಯ ಕಡೆ ಕೈ ಹಾಕಬೇಡಿ.

ಲ್ಯಾಂಪ್ ಹತ್ತುತ್ತಲೇ ಇಲ್ಲ ಅಂದರೆ

ಇದು ಸುಲಭದ ದೋಷ. ಕಣ್ಣಿಗೆ ಕಾಣುವ ದೋಷ ಯಾವತ್ತೂ ಸುಲಭ.

ಮೊದಲು ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಕು ಅನ್ನಬೇಡಿ. ಕೈ ಒದ್ದೆ, ನೆಲ ಒದ್ದೆ, ಎದುರಿಗೆ ಸಾವಿರ ಲೀಟರ್ ನೀರು. ಟ್ಯಾಂಕಿನ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ನಾನು ಆ ದಿನವೇ ಹಾಕಿಸಲು ಹೇಳುತ್ತೇನೆ. ಇದರಲ್ಲಿ ಚೌಕಾಶಿ ಇಲ್ಲ.

ಆಮೇಲೆ ಲ್ಯಾಂಪಿನ ಪಿನ್ ನೋಡಿ. ಹಸಿರು ತುಕ್ಕು ಹಿಡಿದಿದ್ದರೆ ಒಳಗೆ ತೇವ ಹೋಗಿದೆ. ಸಣ್ಣ ಮರಳು ಕಾಗದದಿಂದ ಉಜ್ಜಿ. ಲ್ಯಾಂಪಿನ ತುದಿ ಕಪ್ಪಾಗಿದ್ದರೆ ಅದರ ಆಯಸ್ಸು ಮುಗಿದಿದೆ. ನಾಲ್ಕು ಪಿನ್ನಿನ ಲ್ಯಾಂಪಾದರೆ ಮಲ್ಟಿಮೀಟರ್ ಇಟ್ಟು ಎರಡು ಫಿಲಮೆಂಟನ್ನೂ ಬೇರೆ ಬೇರೆಯಾಗಿ ನೋಡಿ. ಕೆಲವೇ ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಫಿಲಮೆಂಟ್ ಕಡಿದಿದೆ. 9 ವ್ಯಾಟ್, 11 ವ್ಯಾಟಿನ ಎರಡು ಪಿನ್ ಲ್ಯಾಂಪಿನಲ್ಲಿ ಸ್ಟಾರ್ಟರ್ ಒಳಗೇ ಇರುವುದರಿಂದ ಹೀಗೆ ನೋಡಲು ಆಗುವುದಿಲ್ಲ. ಅದಕ್ಕೆ ಇನ್ನೊಂದು ಒಳ್ಳೆಯ ಲ್ಯಾಂಪ್ ಹಾಕಿ ನೋಡುವುದೇ ಪರೀಕ್ಷೆ.

ಎರಡೂ ಲ್ಯಾಂಪ್ ಹತ್ತದಿದ್ದರೆ ಚೋಕ್ ಹೋಗಿದೆ. ನಮ್ಮಲ್ಲಿ ಬೇಸಿಗೆಯ ಸಂಜೆ ವೋಲ್ಟೇಜ್ ಬೀಳುತ್ತದೆ. 230 ಇರಬೇಕಾದದ್ದು 180 ಆದಾಗ ಲ್ಯಾಂಪ್ ಮಿಣಮಿಣ ಅನ್ನುತ್ತದೆ, ಪೂರ್ತಿ ಹತ್ತುವುದಿಲ್ಲ. ಬೆಳಿಗ್ಗೆ ಹೋದರೆ ಅದೇ ಲ್ಯಾಂಪ್ ಚೆನ್ನಾಗಿ ಉರಿಯುತ್ತದೆ. ಇಂಥ ಕಡೆ ಲ್ಯಾಂಪ್ ಬದಲಿಸಬೇಡಿ, ಸ್ಟೆಬಿಲೈಜರ್ ಹಾಕಿಸಿ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡಿಸಿದರೆ ಚೋಕ್ ಗುಂಯ್ ಅನ್ನುತ್ತದೆ, ಕಾಯುತ್ತದೆ, ಬೇಗ ಸುಡುತ್ತದೆ.

ಒಂದು ಎಚ್ಚರಿಕೆ. ಲ್ಯಾಂಪನ್ನು ಕೊಳವೆಯಿಂದ ಹೊರಗೆ ತೆಗೆದು ಹತ್ತಿಸಿ ನೋಡಬೇಡಿ. ಕೆಲಸ ಕಲಿಯುವಾಗ ನಾನು ಹಾಗೆ ಮಾಡಿದ್ದೆ. ಎರಡು ನಿಮಿಷ ಅಷ್ಟೇ ನೋಡಿದ್ದು. ಆಗ ಏನೂ ಅನ್ನಿಸಲಿಲ್ಲ. ರಾತ್ರಿ ಹನ್ನೊಂದಕ್ಕೆ ಕಣ್ಣಲ್ಲಿ ಕಾದ ಮರಳು ಸುರಿದ ಹಾಗಾಯಿತು. ವೆಲ್ಡಿಂಗ್ ಬೆಳಕು ನೋಡಿದವರಿಗೆ ಆಗುವುದೂ ಇದೇ. ಬೆಳಗಾಗುವವರೆಗೂ ಕಣ್ಣು ಬಿಡಲಾಗಲಿಲ್ಲ. ಉರಿಯುತ್ತಿದೆಯೋ ಇಲ್ಲವೋ ತಿಳಿಯಲು ಬಾಡಿಯ ಮೇಲಿನ ಸಣ್ಣ ಕಿಂಡಿಯೋ ಪೈಪಿನ ಬಾಯಲ್ಲಿ ಕಾಣುವ ನೀಲಿ ಹೊಳಪೋ ಸಾಕು.

ಉರಿಯುತ್ತದೆ, ಆದರೆ ಕೆಲಸ ಆಗುತ್ತಿಲ್ಲ

ಹತ್ತಕ್ಕೆ ಎಂಟು ಕಡೆ ನನಗೆ ಸಿಗುವುದು ಇದೇ. ಮಾಲೀಕರು ನೀಲಿ ಬೆಳಕು ತೋರಿಸಿ "ನೋಡ್ರಿ, ಉರೀತೈತಲ್ಲ" ಅನ್ನುತ್ತಾರೆ. ಆದರೆ ಕಾಣುವ ನೀಲಿ ಬೇರೆ, ಕೊಲ್ಲುವ ಕಿರಣ ಬೇರೆ. ಕೊಲ್ಲುವ ಕಿರಣ ಕಣ್ಣಿಗೆ ಕಾಣುವುದೇ ಇಲ್ಲ. ಲ್ಯಾಂಪಿಗೆ ವಯಸ್ಸಾದಂತೆ ಕಿರಣ ಕುಗ್ಗುತ್ತದೆ. ನೀಲಿ ಮಾತ್ರ ಹಾಗೇ ಉಳಿಯುತ್ತದೆ. ಒಂದು ಲ್ಯಾಂಪ್ ಸರಿಯಾಗಿ ಕೆಲಸ ಮಾಡುವುದು 8,000ದಿಂದ 9,000 ಗಂಟೆ. ಒಂದು ವರ್ಷಕ್ಕೆ 8,760 ಗಂಟೆ. ಅಂದರೆ ಹಗಲೂ ರಾತ್ರಿ ಓಡಿಸುವವರು ವರ್ಷಕ್ಕೊಮ್ಮೆ ಲ್ಯಾಂಪ್ ಬದಲಿಸಬೇಕು. ಉರಿಯುತ್ತಿದ್ದರೂ ಸರಿ. ಹಾಕಿದ ದಿನಾಂಕವನ್ನು ಮಾರ್ಕರಿನಲ್ಲಿ ಚೋಕ್ ಡಬ್ಬಿಯ ಮೇಲೆ ಬರೆದಿಡಿ. ಗಂಗಾವತಿಯದ್ದಕ್ಕೆ ಐದೇ ತಿಂಗಳಾಗಿತ್ತು. ಡಬ್ಬಿಯ ಮೇಲೆ ನನ್ನದೇ ಕೈಬರಹ. ಅದಕ್ಕೇ ಹೊಸ ಲ್ಯಾಂಪ್ ಚೀಲದಲ್ಲೇ ಉಳಿಯಿತು.

ಲ್ಯಾಂಪ್ ಹೊಸದು ಅಂದಮೇಲೆ ಅದರ ಸುತ್ತಲಿನ ಗಾಜನ್ನು ನೋಡಬೇಕು.

ನೀರು ಬಂದ್ ಮಾಡಿ, ಬಾಡಿಯ ಮುಚ್ಚಳ ತಿರುಗಿಸಿ, ಕ್ವಾರ್ಟ್ಜ್ ಕೊಳವೆಯನ್ನು ನಿಧಾನವಾಗಿ ಎಳೆದೆ. ಸೀಮೆಸುಣ್ಣದ ಕಡ್ಡಿಯೊಂದು ಹೊರಗೆ ಬಂದಂತೆ ಇತ್ತು. ತುದಿಯಿಂದ ತುದಿಗೆ ಬೂದುಬಿಳುಪು. ಉಗುರಿನಿಂದ ಗೀರಿದರೆ ಗೆರೆ ಮೂಡಿತು, ಉಗುರಿನ ಸಂದಿಯಲ್ಲಿ ಹಿಟ್ಟು ಕೂತಿತು. ಕೊಳವೆಯ ಹಿಂದೆ ಬೆರಳಿಟ್ಟರೆ ಬೆರಳು ಕಾಣಲಿಲ್ಲ. ಆ ಪದರದ ಒಳಗೆ 36 ವ್ಯಾಟಿನ ಲ್ಯಾಂಪ್ ಹಗಲೂ ರಾತ್ರಿ ಉರಿಯುತ್ತಿತ್ತು. ಹೊರಗಿನ ನೀರಿಗೆ ಅದರ ಸುದ್ದಿಯೇ ಇರಲಿಲ್ಲ.

ಇದು ನಮ್ಮ ಬೋರ್ ನೀರಿನ ಸುಣ್ಣ. ಗೀಜರ್ ಕಾಯಿಲ್ ಮೇಲೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕೂರುವುದೂ ಇದೇ. ಗಡಸು ನೀರು ಬಿಸಿಯಾದ ಕಡೆ ಸುಣ್ಣ ಕಟ್ಟುತ್ತದೆ. ಟ್ಯಾಂಕಿನಲ್ಲಿ ಎಲ್ಲಕ್ಕಿಂತ ಬಿಸಿಯಾದ ಜಾಗ ಅಂದರೆ ಲ್ಯಾಂಪಿನ ಸುತ್ತಲಿನ ಈ ಗಾಜೇ. ಕಾಲುವೆಯ ಸಿಹಿ ನೀರು ಬಳಸುವ ಮನೆಗಳಲ್ಲಿ ನಾನು ಆರು ತಿಂಗಳಿಗೊಮ್ಮೆ ಗಾಜು ತೊಳೆಯುತ್ತೇನೆ. ಬೋರ್ ನೀರಿನ ಕಡೆ ಎರಡು ತಿಂಗಳು ತಡೆದರೆ ಹೆಚ್ಚು.

ತೊಳೆಯುವುದು ಹೀಗೆ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುತ್ತದೆ, ಸಿಟ್ರಿಕ್ ಆಸಿಡ್. ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಹಾಕಿ ಕರಗಿಸಿ. ಬಿಳಿ ವಿನೆಗರ್ ಆದರೂ ಆದೀತು. ಕೊಳವೆಯನ್ನು ಅದರಲ್ಲಿ ಮಲಗಿಸಿ. ತಕ್ಷಣ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಸೋಡಾ ಬಾಟಲಿ ತೆರೆದ ಹಾಗೆ ಸುಂಯ್ ಅಂತ ಸದ್ದೂ ಬರುತ್ತದೆ. ಗುಳ್ಳೆ ನಿಂತರೆ ಸುಣ್ಣ ಕರಗಿದೆ ಅಂತ ಲೆಕ್ಕ. ದಪ್ಪ ಪದರವಾದರೆ ಎರಡು ಸಲ ಮಾಡಬೇಕು. ಚಾಕು, ಸ್ಟೀಲ್ ಉಜ್ಜು, ಬೂದಿ ಯಾವುದೂ ಬೇಡ. ಗೀರು ಬಿದ್ದ ಗಾಜಿಗೆ ಸುಣ್ಣ ಇನ್ನೂ ಬೇಗ ಹಿಡಿಯುತ್ತದೆ. ಕಡೆಗೆ ಒಳ್ಳೆಯ ನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಲ್ಯಾಂಪನ್ನು ಬರಿಗೈಯಲ್ಲಿ ಮುಟ್ಟಿದ್ದರೆ ಸ್ಪಿರಿಟ್ ಹಚ್ಚಿ ಒರೆಸಿಬಿಡಿ, ಬೆರಳಿನ ಜಿಡ್ಡು ಕೂಡ ಕಿರಣವನ್ನು ತಡೆಯುತ್ತದೆ.

ಗಾಜಿನ ಬಗ್ಗೆ ಇನ್ನೊಂದು ಮಾತು. ರಾಯಚೂರಿನ ಒಂದು ಮನೆಯಲ್ಲಿ ತೊಳೆಯುವಾಗ ಕ್ವಾರ್ಟ್ಜ್ ಕೊಳವೆ ಒಡೆಯಿತು. ಹೊಸದು ಬರಲು ವಾರ ಬೇಕು ಅಂತ ಅವರು ಅದೇ ಅಳತೆಯ ಗಾಜಿನ ಕೊಳವೆ ಕತ್ತರಿಸಿ ಹಾಕಿಸಿದ್ದರು. ನೀಟಾಗಿ ಕೂತಿತ್ತು, ಒಂದು ಹನಿಯೂ ಸೋರಿರಲಿಲ್ಲ, ಬೆಳಕು ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು. ನಾಲ್ಕು ತಿಂಗಳು ಹಾಗೇ ಓಡಿಸಿದ್ದರು. ಸಾಮಾನ್ಯ ಗಾಜು ಈ ಕಿರಣವನ್ನು ಪೂರ್ತಿ ನುಂಗಿಬಿಡುತ್ತದೆ. ಕ್ವಾರ್ಟ್ಜ್ ಮಾತ್ರ ದಾಟಿಸುತ್ತದೆ. ಅಷ್ಟು ಶ್ರದ್ಧೆಯಿಂದ ಮೀನು ಸಾಕಿದವರಿಗೆ ಈ ಒಂದು ವಿಷಯ ಯಾರೂ ಹೇಳಿರಲಿಲ್ಲ ಅನ್ನುವುದು ನನಗೆ ಇವತ್ತಿಗೂ ಬೇಸರ. ಅನುಮಾನ ಬಂದರೆ ಕೊಳವೆಯ ಕತ್ತರಿಸಿದ ಅಂಚನ್ನು ಬಿಳಿ ಕಾಗದದ ಮೇಲಿಟ್ಟು ನೋಡಿ. ಸಾಮಾನ್ಯ ಗಾಜಿನ ಅಂಚಿನಲ್ಲಿ ಹೆಚ್ಚಾಗಿ ಹಸಿರು ಛಾಯೆ ಕಾಣುತ್ತದೆ. ಕ್ವಾರ್ಟ್ಜ್ ಅಂಚು ಬಣ್ಣವಿಲ್ಲದೆ ಇರುತ್ತದೆ.

ಬಕೆಟ್ ಲೆಕ್ಕ

ಗಾಜು ತೊಳೆದು ಕೂರಿಸಿದ ಮೇಲೆ ಪಂಪ್ ನೋಡಿದೆ. ಬೇರೆ ಪಂಪ್ ಇತ್ತು. ಹಳೆಯದು ಸುಟ್ಟಿತ್ತಂತೆ, "ದೊಡ್ಡದೇ ಇರಲಿ ಅಂತ" ಗಂಟೆಗೆ 4,000 ಲೀಟರಿನದ್ದು ತಂದು ಹಾಕಿದ್ದರು.

ಪಂಪಿನ ಡಬ್ಬಿಯ ಮೇಲಿನ ಅಂಕಿಯನ್ನು ನಂಬಬೇಡಿ. ಪೈಪು, ತಿರುವು, ಎತ್ತರ ಎಲ್ಲಾ ಸೇರಿ ಅದನ್ನು ತಿನ್ನುತ್ತವೆ. ಯೂವಿಯಿಂದ ಟ್ಯಾಂಕಿಗೆ ವಾಪಸ್ ಬೀಳುವ ಪೈಪನ್ನು 20 ಲೀಟರಿನ ಬಕೆಟಿಗೆ ಹಿಡಿಯಿರಿ, ಮೊಬೈಲಿನಲ್ಲಿ ಟೈಮ್ ನೋಡಿ. ಗಂಗಾವತಿಯಲ್ಲಿ 20 ಸೆಕೆಂಡಿಗೆ ತುಂಬಿತು. ಅಂದರೆ ಗಂಟೆಗೆ 3,600 ಲೀಟರ್.

ಯೂವಿ ಪೆಟ್ಟು ಅಂದರೆ ಎರಡರ ಗುಣಾಕಾರ: ಕಿರಣ ಎಷ್ಟು ಜೋರು, ನೀರು ಅದರ ಎದುರು ಎಷ್ಟು ಹೊತ್ತು. ಎರಡು ಪಟ್ಟು ವೇಗವಾಗಿ ಓಡಿಸಿದರೆ ಪೆಟ್ಟು ಅರ್ಧವಾಗುತ್ತದೆ. ಪಾಚಿಗೆ ಸಣ್ಣ ಪೆಟ್ಟು ಸಾಕು. ಬಿಳಿ ಚುಕ್ಕಿ ರೋಗದಂಥ ಪರಾವಲಂಬಿಗಳಿಗೆ ಅದರ ಹಲವು ಪಟ್ಟು ಬೇಕು. ಅದಕ್ಕೇ ಒಳ್ಳೆಯ ಯೂವಿಯ ಜೊತೆ ಬರುವ ಹಾಳೆಯಲ್ಲಿ ಎರಡು ಅಂಕಿ ಇರುತ್ತವೆ, ಪಾಚಿಗೆ ಒಂದು ವೇಗ, ರೋಗಕ್ಕೆ ಇನ್ನೊಂದು ನಿಧಾನ. ಆ ಹಾಳೆಯನ್ನು ಬಿಸಾಡಬೇಡಿ. ಈ ಯಂತ್ರಕ್ಕೆ ರೋಗದ ಅಂಕಿ ಗಂಟೆಗೆ 1,500 ಲೀಟರ್ ಅಂತಿತ್ತು. ಪಂಪ್ ಬದಲಿಸಲಿಲ್ಲ. ಪೈಪಿಗೆ ಒಂದು ಟಿ (ಮೂರು ಬಾಯಿಯ ಜೋಡಣೆ) ಹಾಕಿ, ಅರ್ಧಕ್ಕಿಂತ ಜಾಸ್ತಿ ನೀರನ್ನು ನೇರ ಟ್ಯಾಂಕಿಗೆ ಬಿಟ್ಟು, ಉಳಿದದ್ದನ್ನು ಯೂವಿಗೆ ತಿರುಗಿಸಿದೆ. ವಾಲ್ವ್ ತಿರುಗಿಸುತ್ತಾ ಬಕೆಟ್ 48 ಸೆಕೆಂಡಿಗೆ ತುಂಬುವಂತೆ ಮಾಡಿದೆ. ಲೆಕ್ಕ ಹಾಕಿ, ಸರಿಯಾಗಿ 1,500.

ಹಾಗಂತ ತೀರಾ ನಿಧಾನ ಮಾಡಿದರೂ ತಪ್ಪು. ಪ್ರತಿ ಹನಿಗೂ ಒಳ್ಳೆಯ ಪೆಟ್ಟು ಬೀಳುತ್ತದೆ, ಆದರೆ ದಿನಕ್ಕೆ ಹಾದುಹೋಗುವ ಹನಿಯೇ ಕಡಿಮೆಯಾಗುತ್ತದೆ. ಈ ಟ್ಯಾಂಕು 8 ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡೂವರೆ ಅಡಿ ಎತ್ತರ. ಸುಮಾರು 1,400 ಲೀಟರ್. ಒಂದು ಗಂಟೆಯೊಳಗೆ ಅಷ್ಟು ನೀರು ಹಾದುಹೋಗುತ್ತದೆ. ಆದರೆ ಯೂವಿ ದಾಟಿದ ನೀರು ಮತ್ತೆ ಅದೇ ಟ್ಯಾಂಕಿಗೆ ಬೆರೆಯುವುದರಿಂದ ಒಂದು ಸುತ್ತಿಗೆ ನಿಜವಾಗಿ ಹಾದದ್ದು ನೂರಕ್ಕೆ ಸುಮಾರು 63 ಭಾಗ ಮಾತ್ರ. ಮೂರು ಸುತ್ತಿಗೆ 95 ಆಗುತ್ತದೆ. ಪೂರ್ತಿ ನೂರು ಯಾವತ್ತೂ ಆಗುವುದಿಲ್ಲ. ಆದ್ದರಿಂದ ಯೂವಿಯನ್ನು ರಾತ್ರಿ ಆಫ್ ಮಾಡಿ ಹಗಲು ಹಾಕುವ ಪದ್ಧತಿ ನನಗೆ ಒಪ್ಪಿಗೆ ಇಲ್ಲ. ಪಾಚಿ, ರೋಗ ಯಾವುದಕ್ಕೂ ರಾತ್ರಿ ರಜೆ ಇಲ್ಲ.

ಬಕೆಟ್ ತುಂಬಲು ಮೊದಲಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತಿದ್ದರೆ ಸ್ಪಂಜ್ ಕಟ್ಟಿಕೊಂಡಿದೆ, ಅಥವಾ ಪಂಪಿನ ರೆಕ್ಕೆಗೂ ಇದೇ ಸುಣ್ಣ ಹಿಡಿದಿದೆ. ಅದನ್ನೂ ನಿಂಬೆ ಉಪ್ಪಿನಲ್ಲಿ ನೆನೆಸಿ.

ನೀರೇ ಅಡ್ಡ ಬಂದಾಗ

ಜುಲೈ, ಆಗಸ್ಟಿನಲ್ಲಿ ತುಂಗಭದ್ರೆಗೆ ಹೊಸ ನೀರು ಬರುತ್ತದೆ. ಕೆಂಪು ನೀರು. ನಲ್ಲಿಯಲ್ಲಿ ಸ್ವಚ್ಛ ಕಂಡರೂ ಗಾಜಿನ ಲೋಟದಲ್ಲಿ ಎತ್ತಿ ಹಿಡಿದರೆ ಮಂಜು ಮಂಜು. ಆ ಸಣ್ಣ ಮಣ್ಣಿನ ಕಣಗಳ ನೆರಳಿನಲ್ಲಿ ಸೂಕ್ಷ್ಮಜೀವಿಗಳು ಪೆಟ್ಟು ತಪ್ಪಿಸಿಕೊಂಡು ಹೋಗುತ್ತವೆ. ಆ ತಿಂಗಳುಗಳಲ್ಲಿ ಡ್ರಮ್ಮಿನಲ್ಲಿ ಎರಡು ದಿನ ನೀರು ನಿಲ್ಲಿಸಿ, ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ ಬಿಡಿ. ಯೂವಿ ಯಾವಾಗಲೂ ಫಿಲ್ಟರಿನ ನಂತರ ಇರಬೇಕು, ಮುಂಚೆ ಅಲ್ಲ.

ಟ್ಯಾಂಕಿನಲ್ಲಿ ಅಲಂಕಾರಕ್ಕೆ ಹಾಕಿದ ಮರದ ಬೇರು ಚಹಾ ಬಣ್ಣ ಬಿಡುತ್ತದಲ್ಲ, ಅದೂ ಕಿರಣವನ್ನು ಹೀರುತ್ತದೆ. ನೋಡಲು ಚೆಂದ, ಯೂವಿಗೆ ಪರದೆ. ಆ್ಯಕ್ಟಿವೇಟೆಡ್ ಕಾರ್ಬನ್ ಹಾಕಿ ಬಣ್ಣ ತೆಗೆಯಿರಿ.

ಬಿಳಿ ಚುಕ್ಕಿ ಬಂದಾಗ

ಡಿಸೆಂಬರ್, ಜನವರಿಯ ಥಂಡಿಯಲ್ಲಿ ಈ ಕರೆಗಳು ಜಾಸ್ತಿ. ಮೀನಿನ ಮೈಮೇಲೆ ರವೆ ಚೆಲ್ಲಿದಂತೆ ಚುಕ್ಕಿ, ಕಲ್ಲಿಗೆ ಮೈ ಉಜ್ಜುವುದು. "ಯೂವಿ ಇದ್ದೂ ಯಾಕೆ ಬಂತು?" ಅಂತ ಕೇಳುತ್ತಾರೆ.

ಚುಕ್ಕಿಯೊಳಗಿನ ಜೀವಿ ಮೀನಿನ ಚರ್ಮದ ಅಡಿಯಲ್ಲಿದೆ. ಅಲ್ಲಿಗೆ ಯೂವಿ ಹೋಗುವುದಿಲ್ಲ. ಅದು ಬಲಿತು ಉದುರಿ, ತಳದ ಕಲ್ಲಿಗೆ ಅಂಟಿ, ಒಡೆದು ನೂರಾರು ಮರಿ ಬಿಡುತ್ತದೆ. ಆ ಮರಿಗಳು ಒಂದೆರಡು ದಿನದಲ್ಲಿ ಮೀನನ್ನು ಹುಡುಕಿಕೊಳ್ಳಬೇಕು, ಇಲ್ಲದಿದ್ದರೆ ಸಾಯುತ್ತವೆ. ಆ ಈಜಾಡುವ ಹೊತ್ತಿನಲ್ಲಿ ಮಾತ್ರ ಅವು ಯೂವಿಗೆ ಸಿಗುತ್ತವೆ. ಹಾಗಾಗಿ ಯೂವಿ ರೋಗ ಹರಡುವುದನ್ನು ಕಡಿಮೆ ಮಾಡುತ್ತದೆ, ಬಂದ ರೋಗಕ್ಕೆ ಔಷಧಿಯೇ ಬೇಕು. ಹೊಸ ಮೀನನ್ನು ಮೂರು ನಾಲ್ಕು ವಾರ ಬೇರೆ ಟ್ಯಾಂಕಿನಲ್ಲಿ ಇಟ್ಟು ನೋಡಿ ಆಮೇಲೆ ಬಿಡುವುದನ್ನು ಯಾವ ಯೂವಿಯೂ ತಪ್ಪಿಸಲಾರದು.

ಔಷಧಿ ಹಾಕಿದ ಕ್ಷಣ ಯೂವಿ ಆಫ್ ಮಾಡಿ. ಮೆಥಿಲೀನ್ ಬ್ಲೂ, ಮಲಕೈಟ್ ಗ್ರೀನ್, ಹಲವು ಆ್ಯಂಟಿಬಯೋಟಿಕ್‌ಗಳನ್ನು ಈ ಕಿರಣ ಒಡೆದುಹಾಕುತ್ತದೆ. ಔಷಧಿ ಹಾಕಿದ್ದು ಮಧ್ಯಾಹ್ನ, ಸಂಜೆಗೆ ನೀಲಿ ಬಣ್ಣವೇ ಇಲ್ಲ ಅಂದರೆ ಯೂವಿ ಆಫ್ ಮಾಡಲು ಮರೆತಿದ್ದೀರಿ. ಕಾರ್ಬನ್ನೂ ತೆಗೆದಿಡಿ. ಕೋರ್ಸ್ ಮುಗಿದು, ನೀರು ಬದಲಿಸಿದ ಮೇಲೆ ಎರಡನ್ನೂ ವಾಪಸ್ ಹಾಕಿ.

ಸೋರಿಕೆ

ಬಾಡಿಯ ಮುಚ್ಚಳದ ಹತ್ತಿರ ಹನಿ ಕಂಡರೆ ಅಲ್ಲಿನ ರಬ್ಬರ್ ಉಂಗುರ, ಓ-ರಿಂಗ್, ಒಣಗಿ ಗಟ್ಟಿಯಾಗಿದೆ. ಬಿಚ್ಚಿದಾಗೆಲ್ಲ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ. ವರ್ಷಕ್ಕೊಮ್ಮೆ ಬದಲಿಸಿ. ನೀರು ಕ್ವಾರ್ಟ್ಜ್ ಒಳಗೇ ಕಂಡರೆ ಗಾಜು ಬಿರುಕು ಬಿಟ್ಟಿದೆ, ಆಗ ಪ್ಲಗ್ ಮುಟ್ಟುವ ಮೊದಲು ಬೋರ್ಡಿನಲ್ಲಿ ಆ ಲೈನಿನ ಎಂಸಿಬಿ ಸ್ವಿಚ್ ಇಳಿಸಿ. ಲ್ಯಾಂಪ್ ಒಡೆದರೆ ಒಳಗೆ ಸ್ವಲ್ಪ ಪಾದರಸ ಇರುತ್ತದೆ. ಕಿಟಕಿ ತೆರೆದು ಹೊರಗೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ. ಕಸಬರಿಗೆಯಿಂದ ಗುಡಿಸಬೇಡಿ, ರಟ್ಟಿನಿಂದ ಬಳಿದು ಟೇಪಿಗೆ ಅಂಟಿಸಿ ಮುಚ್ಚಿದ ಡಬ್ಬಿಗೆ ಹಾಕಿ.

ಮೂರು ವಾರಕ್ಕೇ ಮತ್ತೆ ಬಿಳಿ

ಗಂಗಾವತಿಯ ನೀರು ಐದನೇ ದಿನಕ್ಕೆ ತಿಳಿಯಾಯಿತು. ಆ ಐದು ದಿನ ಏರ್ ಪಂಪ್ ಒಂದು ನಿಮಿಷವೂ ನಿಲ್ಲಿಸಬೇಡಿ ಅಂತ ಹೇಳಿದ್ದೆ. ಸತ್ತ ಪಾಚಿ ಕೊಳೆಯುವಾಗ ಅದೂ ಆಮ್ಲಜನಕ ತಿನ್ನುತ್ತದೆ. ನೀರು ತಿಳಿಯಾಗುವ ಹೊತ್ತಿಗೇ ಮೀನು ಕಳೆದುಕೊಂಡವರನ್ನು ನೋಡಿದ್ದೇನೆ. ಎರಡು ಸಲ ಕಾಲು ಭಾಗ ನೀರು ಬದಲಿಸಿ, ಸ್ಪಂಜ್ ತೊಳೆಸಿದೆ. ಮೀನು ಯಾವುದೂ ಸಾಯಲಿಲ್ಲ.

ಮೂರು ವಾರ ಬಿಟ್ಟು ಸುಮ್ನೆ ನೋಡಿಕೊಂಡು ಬರೋಣ ಅಂತ ಹೋದೆ. ಗಾಜು ಎಳೆದರೆ ಮತ್ತೆ ಬಿಳಿ. ಇದು ನನಗೆ ಅರ್ಥವಾಗಲಿಲ್ಲ. ಅದೇ ಬೋರ್ ನೀರಿನ ಬೇರೆ ಟ್ಯಾಂಕಿನಲ್ಲಿ ಇಷ್ಟು ಕಟ್ಟಲು ಎರಡು ತಿಂಗಳು ಬೇಕು. ಪುನಃ ತೊಳೆದು ಕೂರಿಸಿ ಸ್ವಿಚ್ ಹಾಕಿದ್ದೆ, ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ಪಂಪಿನ ಸದ್ದು ನಿಂತಿತು. ಆದರೆ ಯೂವಿಯ ಕಿಂಡಿಯಲ್ಲಿ ನೀಲಿ ಬೆಳಕು ಹಾಗೇ ಇತ್ತು.

ರಿಸೆಪ್ಷನ್‌ನ ಲೈಟ್ ಪಾಯಿಂಟ್‌ಗಳೆಲ್ಲ ಇನ್ವರ್ಟರ್ ಮೇಲಿದ್ದವು. ಯೂವಿ "ಲೈಟ್" ಅಲ್ವಾ, ಎಲೆಕ್ಟ್ರಿಷಿಯನ್ ಅದನ್ನೂ ಆ ಲೈನಿಗೇ ಕೊಟ್ಟಿದ್ದ. ಪಂಪ್ ಪವರ್ ಲೈನಿನಲ್ಲಿತ್ತು. ಕರೆಂಟ್ ಹೋದಾಗೆಲ್ಲ ಪಂಪ್ ನಿಲ್ಲುತ್ತಿತ್ತು, ಲ್ಯಾಂಪ್ ಉರಿಯುತ್ತಿತ್ತು. ಅರ್ಧ ಗಂಟೆ ಬಿಟ್ಟು ಬಾಡಿಯ ಮೇಲೆ ಕೈ ಇಟ್ಟೆ. ಬಿಸಿ ಚಹಾದ ಲೋಟ ಹಿಡಿದಂತಿತ್ತು. ನಿಂತ ನೀರು ಕಾದು, ಅದರಲ್ಲಿದ್ದ ಸುಣ್ಣವೆಲ್ಲ ಗಾಜಿನ ಮೇಲೆ ಕೂರುತ್ತಿತ್ತು. ಏಪ್ರಿಲ್‌ನಲ್ಲಿ ದಿನಕ್ಕೆ ಎರಡು ಮೂರು ಸಲ ಕರೆಂಟ್ ಹೋಗುತ್ತಿದ್ದ ಕಾಲ ಅದು.

ಅದೇ ದಿನ ಯೂವಿ ಮತ್ತು ಪಂಪನ್ನು ಒಂದೇ ಬೋರ್ಡಿಗೆ, ಒಂದೇ ಸ್ವಿಚ್ಚಿಗೆ ಹಾಕಿಸಿದೆ. ಒಂದು ನಿಂತರೆ ಇನ್ನೊಂದೂ ನಿಲ್ಲಬೇಕು. ಇನ್ವರ್ಟರ್ ಪಾಯಿಂಟನ್ನು ಏರ್ ಪಂಪಿಗೆ ಕೊಟ್ಟೆ, ಕರೆಂಟ್ ಇಲ್ಲದಾಗ ಮೀನಿಗೆ ಬೇಕಾದದ್ದು ಉಸಿರು. ಜುಲೈನಲ್ಲಿ ಹೋಗಿ ಗಾಜು ಎಳೆದು ನೋಡಿದೆ. ತೆಳ್ಳಗೆ ಮಂಜು ಹಿಡಿದಂತೆ ಇತ್ತು ಅಷ್ಟೇ. ಹಿಂದೆ ಇಟ್ಟ ಬೆರಳು ಕಾಣುತ್ತಿತ್ತು.